ಹಾರ್ಡ್‌ಡಿಸ್ಕ್ ಬದಲಿಸುವ ಹೊತ್ತು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕೂ ಊರುಗಳ ಝೆರಾಕ್ಸ್ ಅಂಗಡಿ, ಫೋಟೊ ಸ್ಟುಡಿಯೊ, ಡಿಟಿಪಿ ಸೆಂಟರ್, ಗ್ರಾಮ ಒನ್ ಕೇಂದ್ರ, ಪತ್ತಿನ ಸಂಘಗಳಲ್ಲಿ ಕಂಪ್ಯೂಟರ್ ರಿಪೇರಿಯವನು ಬಂದಾಗಲೆಲ್ಲ ಒಂದು ಮಾತು ಏಳುತ್ತದೆ: ‘ಎಸ್‌ಎಸ್‌ಡಿ ಹಾಕಿಸೂಣೇನ್ರಿ, ಇಲ್ಲಾ ಇನ್ನೊಂದು ವರ್ಷ ಹಿಂಗ ನೂಕೂಣ?’ ಇಪ್ಪತ್ತು ವರ್ಷಗಳ ಹಿಂದೆ ಇದೇ ಮಾತು 5400 ಸುತ್ತಿನ ಡಿಸ್ಕ್ ಸಾಕೋ, 7200 ಸುತ್ತಿನದೇ ಬೇಕೋ ಎಂಬಂತಿತ್ತು. ನೂಕಿದವರು, ಹಾಕಿಸಿದವರು ಇಬ್ಬರೂ ಈಗ ನಮ್ಮ ನಡುವೆ ಇರುವುದರಿಂದ ಲೆಕ್ಕ ನೋಡಲು ಅಡ್ಡಿಯಿಲ್ಲ.

ಸಾಮಾನ್ಯ ಜನ ಕಂಪ್ಯೂಟರಿನ ಮುಂದೆ ಸಾಲು ನಿಂತದ್ದು ಭೂಮಿ ಯೋಜನೆಯಿಂದ. 2000ದ ಸುಮಾರಿಗೆ ರಾಜ್ಯದ 177 ತಾಲ್ಲೂಕು ಕಚೇರಿಗಳಿಗೆ ಒಂದೊಂದಾಗಿ ಭೂಮಿ ಕೇಂದ್ರಗಳು ಬಂದವು. ಆಗಿನ ಬಿಜಾಪುರ ಜಿಲ್ಲೆಯಲ್ಲಿದ್ದದ್ದು ಐದೇ ತಾಲ್ಲೂಕು. ಬಿಜಾಪುರ ಬಿಟ್ಟರೆ ಉಳಿದವು ನಮ್ಮ ಈ ನಾಲ್ಕೇ. ತಲಾಟಿಯ ದಫ್ತರದಲ್ಲಿದ್ದ ಉತಾರ 15 ರೂಪಾಯಿ ಕೊಟ್ಟರೆ ಪ್ರಿಂಟರಿನಿಂದ ಬರತೊಡಗಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಹೀಗೆ ಕಂಪ್ಯೂಟರ್ ಸೇರಿದವು. ಮೊದಲ ವರ್ಷಗಳಲ್ಲಿ ಆ ದತ್ತಾಂಶ ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲೇ, ಗರಗರ ತಿರುಗುವ ಡಿಸ್ಕುಗಳ ಮೇಲೆ ಕೂತಿತ್ತು. ಆಮೇಲೆ ಅದು ಬೆಂಗಳೂರಿನ ಡೇಟಾ ಸೆಂಟರಿಗೆ ಹೋಯಿತು. ನಮ್ಮಲ್ಲಿ ಉಳಿದದ್ದು ಪರದೆ, ಪ್ರಿಂಟರ್ ಮತ್ತು ಇಂಟರ್ನೆಟ್ ತಂತಿ. ಈ ಸ್ಥಳಾಂತರವನ್ನು ಮರೆತವರೇ ಇವತ್ತು ಡಿಸ್ಕಿನ ವಿಷಯದಲ್ಲಿ ತಪ್ಪು ಲೆಕ್ಕ ಹಾಕುತ್ತಿರುವುದು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಡಿಸ್ಕಿನ ಓಟ ಏನಿತ್ತು ನೋಡೋಣ. 7200 ಸುತ್ತಿನ ಡಿಸ್ಕ್ ಸೆಕೆಂಡಿಗೆ 120 ಸಲ ತಿರುಗುತ್ತದೆ. ಬೇಕಾದ ಜಾಗ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ನಾಲ್ಕು ಮಿಲಿಸೆಕೆಂಡಿಗೆ ತುಸು ಹೆಚ್ಚು ಕಾಯಬೇಕು. ಹೆಡ್ಡನ್ನು ಹೊತ್ತ ತೋಳು ಸರಿಯಾದ ಪಟ್ಟೆಗೆ ಸರಿಯಲು ಇನ್ನೂ ಎಂಟೊಂಬತ್ತು ಮಿಲಿಸೆಕೆಂಡು. ಎರಡೂ ಕೂಡಿದರೆ ಚದುರಿದ ಸಣ್ಣ ಫೈಲುಗಳನ್ನು ಸೆಕೆಂಡಿಗೆ ಎಂಬತ್ತರ ಆಸುಪಾಸು ಸಲವಷ್ಟೇ ಹುಡುಕಿ ತರಬಹುದು. ವಿಂಡೋಸ್ ಚಾಲೂ ಆಗುವಾಗ ಓದುವ ಸಣ್ಣ ತುಣುಕುಗಳು ಸಾವಿರಾರು. ಬೆಳಿಗ್ಗೆ ಬಟನ್ ಒತ್ತಿ, ಚಹಾ ಕುಡಿದು ಬಂದರೂ ಕರ್ಸರ್ ಪಕ್ಕದ ಚಕ್ರ ಸುತ್ತುತ್ತಲೇ ಇರುತ್ತಿದ್ದುದು ಇದಕ್ಕೇ.

ಪರಿಹಾರವೆಂದು ಕಂಪನಿಗಳು ಡಿಸ್ಕನ್ನೇ ಇನ್ನಷ್ಟು ಜೋರಾಗಿ ತಿರುಗಿಸಿದವು. 2000ದಲ್ಲಿ ಸೀಗೇಟ್ 15,000 ಸುತ್ತಿನ ಚೀತಾ ತಂದಿತು. 2003ರಲ್ಲಿ ವೆಸ್ಟರ್ನ್ ಡಿಜಿಟಲ್ 10,000 ಸುತ್ತಿನ ರ‍್ಯಾಪ್ಟರ್ ಅನ್ನು ಮನೆಯ ಕಂಪ್ಯೂಟರಿಗೇ ಕೊಟ್ಟಿತು, 36 ಜಿಬಿ. ಬ್ಯಾಂಕಿನ ಸರ್ವರುಗಳಲ್ಲಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇವಕ್ಕೆ ಮರ್ಯಾದೆ ಇತ್ತು. ನಮ್ಮ ಕಡೆ ಹೆಚ್ಚಿನವರು 7200ಕ್ಕೇ ತೃಪ್ತರಾದರು, ಅದೇ ಒಳ್ಳೆಯದಾಯಿತು ಅನ್ನುತ್ತೇನೆ. 15,000 ಸುತ್ತಿಗೆ ಏರಿಸಿದರೂ ಸರಾಸರಿ ಕಾಯುವಿಕೆ ಎರಡು ಮಿಲಿಸೆಕೆಂಡಿಗೆ ಇಳಿಯಿತೇ ಹೊರತು ತೋಳಿನ ಓಡಾಟ ತಪ್ಪಲಿಲ್ಲ. ಕೆಲಸ ಅಬ್ಬಬ್ಬಾ ಅಂದರೆ ಇಮ್ಮಡಿ. ಶಾಖ, ಸದ್ದು, ಬೆಲೆ ಅದಕ್ಕಿಂತ ಮುಂದೆ. ರೆಕಾರ್ಡ್ ರೂಮಿನ ಜವಾನನನ್ನು ನಡೆಯುವ ಬದಲು ಓಡು ಎಂದ ಹಾಗೆ. ಕಡತ ಮೇಜಿನ ಮೇಲೇ ಇದ್ದರೆ ಅವನು ಏಳುವುದೇ ಬೇಡ ಎಂಬ ವಿಚಾರ ಬೇರೆ ಕಡೆ ಬೆಳೆಯುತ್ತಿತ್ತು.

ಆ ವಿಚಾರ ಹಳೆಯದೇ. ಜಪಾನಿನ ತೋಷಿಬಾದಲ್ಲಿ ಫುಜಿಯೊ ಮಸುವೊಕಾ ಫ್ಲ್ಯಾಶ್ ಮೆಮೊರಿಯನ್ನು ಜಗತ್ತಿನ ಮುಂದಿಟ್ಟದ್ದು 1984ರಲ್ಲಿ. ಇವತ್ತು ಎಸ್‌ಎಸ್‌ಡಿ, ಪೆನ್‌ಡ್ರೈವ್, ಮೊಬೈಲುಗಳ ಒಳಗಿರುವ ನ್ಯಾಂಡ್ ಬಗೆ ಬಂದದ್ದು 1987ರಲ್ಲಿ. ಮುಂದೆ ಸ್ಯಾನ್‌ಡಿಸ್ಕ್ ಎನಿಸಿಕೊಂಡ ಕಂಪನಿ 1991ರಲ್ಲೇ 20 ಎಂಬಿಯ ಎಸ್‌ಎಸ್‌ಡಿ ಮಾರಿತ್ತು. 2008ರಲ್ಲಿ ಇಂಟೆಲ್ ತಂದ 80 ಜಿಬಿಯ ಡ್ರೈವಿಗೆ 595 ಡಾಲರ್, ಅಂದಿನ ದರದಲ್ಲಿ 25 ಸಾವಿರ ರೂಪಾಯಿಗೂ ಮೇಲೆ. ಆ ದುಡ್ಡಿನಲ್ಲಿ ಸೊಲ್ಲಾಪುರದಿಂದ ಇಡೀ ಕಂಪ್ಯೂಟರ್ ಕಟ್ಟಿಸಿಕೊಂಡು ಬರಬಹುದಿತ್ತು. 2011ರ ಕೊನೆಗೆ ಥಾಯ್ಲೆಂಡಿನ ನೆರೆಯಲ್ಲಿ ಡಿಸ್ಕ್ ಕಾರ್ಖಾನೆಗಳು ಮುಳುಗಿ ಹಾರ್ಡ್‌ಡಿಸ್ಕಿನ ಬೆಲೆ ಏರಿತು, ಹಲವು ಮಾದರಿಗಳ ವಾರಂಟಿ ಅವಧಿ ಇಳಿಯಿತು. ಸಾವಿರಾರು ಮೈಲು ದೂರದ ಮಳೆ ಸಿಂದಗಿಯ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಗೂ ತಟ್ಟಿತು. ಅಷ್ಟಾದರೂ ನಮ್ಮವರು ಎಸ್‌ಎಸ್‌ಡಿ ಕಡೆ ನೋಡಿದ್ದು ಅದರ ಬೆಲೆ ಎರಡು–ಮೂರು ಸಾವಿರದ ಆಸುಪಾಸಿಗೆ ಬಂದ ಮೇಲೆಯೇ.

ಬಂದ ಮೇಲೆ ಆದದ್ದನ್ನು ಕಣ್ಣಾರೆ ಕಂಡಿದ್ದೇವೆ. ಚಿಪ್ಪಿನಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಬೇಕಾದ ತುಣುಕು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಕೈಗೆ ಸಿಗುತ್ತದೆ. ಗುಜರಿಗೆ ಹಾಕಬೇಕೆಂದಿದ್ದ ಐ3 ಯಂತ್ರಕ್ಕೆ 240 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿ, ಇದ್ದ 4 ಜಿಬಿ ರ‍್ಯಾಮನ್ನು 8 ಮಾಡಿದರೆ ಅರ್ಧ ನಿಮಿಷದೊಳಗೆ ಚಾಲೂ. ಕೌಂಟರಿನ ಆ ಕಡೆ ಆಧಾರ್ ಕಾರ್ಡ್ ಹಿಡಿದು ನಿಂತ ಅಜ್ಜನಿಗೆ ಚಿಪ್ಪು ಗೊತ್ತಿಲ್ಲ, ‘ಮಷಿನ್ ಹ್ಯಾಂಗ್ ಆಗೇದ, ತಡೀರಿ’ ಎಂಬ ಮಾತು ಕಡಿಮೆಯಾದದ್ದು ಗೊತ್ತು. ಕಾಲು ಶತಮಾನದಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಫಾಯದೆ ಕೊಟ್ಟ ಬಿಡಿಭಾಗ ಇನ್ನೊಂದಿಲ್ಲ. ನಾಲ್ಕೈದು ವರ್ಷ ತಡೆದು ಕೂತವರು ಉಳಿಸಿದ ದುಡ್ಡಿಗಿಂತ ಕಳೆದ ಹೊತ್ತೇ ಹೆಚ್ಚು.

ಆದರೆ ಎಲ್ಲ ನಿಧಾನಕ್ಕೂ ಡಿಸ್ಕೇ ಕಾರಣವಲ್ಲ. ಉತಾರ ತೆಗೆಯುವಾಗ, ಜಾತಿ–ಆದಾಯ ಪ್ರಮಾಣಪತ್ರದ ಅರ್ಜಿ ಹಾಕುವಾಗ, 2023ರಿಂದ ಬಂದ ಕಾವೇರಿ 2.0ರಲ್ಲಿ ನೋಂದಣಿ ದಾಖಲೆ ಏರಿಸುವಾಗ ಪರದೆ ನಿಂತರೆ, ಅದು ನಿಂತಿರುವುದು ನಿಮ್ಮ ಮೇಜಿನ ಕೆಳಗಿನ ಡಬ್ಬಿಯಲ್ಲಲ್ಲ. ದತ್ತಾಂಶ ಬೆಂಗಳೂರಿಗೆ ಹೋಗಿ ಎಷ್ಟೋ ವರ್ಷವಾಯಿತು. ಇಡೀ ದಿನ ಬ್ರೌಸರಿನಲ್ಲೇ ಕೆಲಸ ಮಾಡುವವರು ಎಸ್‌ಎಸ್‌ಡಿಗೆ ಖರ್ಚು ಮಾಡಿ ಆಮೇಲೆ ‘ಸರ್ವರ್ ಇನ್ನೂ ಹಂಗೇ ಐತಿ’ ಎಂದು ಗೊಣಗುವುದರಲ್ಲಿ ಅರ್ಥವಿಲ್ಲ. ಅವರಿಗೆ ಬೇಕಾದದ್ದು ಎರಡನೆಯ ಇಂಟರ್ನೆಟ್ ಕನೆಕ್ಷನ್. ಪೇಜ್‌ಮೇಕರಿನಲ್ಲಿ ನುಡಿ ಅಥವಾ ಶ್ರೀಲಿಪಿ ಅಕ್ಷರ ಜೋಡಿಸಿ ಲಗ್ನಪತ್ರಿಕೆ ಮಾಡುವವರ ಮಾತೂ ಅಷ್ಟೇ. ಫೈಲು ಕೆಲವೇ ಎಂಬಿ. ಯಂತ್ರ ಬೇಗ ಚಾಲೂ ಆದೀತು, ಕೆಲಸವೇನೂ ಬೇಗ ಮುಗಿಯುವುದಿಲ್ಲ.

ಸ್ಟುಡಿಯೊದವರ ಪಾಡು ಇನ್ನೂ ಸ್ವಾರಸ್ಯದ್ದು. ಬಸವ ಜಯಂತಿಯ ಆಸುಪಾಸಿನ ಲಗ್ನಸರಾಯಿಯಲ್ಲಿ ಒಂದೊಂದು ಮದುವೆಗೆ ಎರಡೆರಡು ಕ್ಯಾಮೆರಾ. ಸೆಕೆಂಡಿಗೆ 100 ಮೆಗಾಬಿಟ್‌ನಂತೆ 4ಕೆ ಚಿತ್ರಿಸಿದರೆ ಒಂದು ತಾಸಿಗೆ 45 ಜಿಬಿ. ಇದನ್ನು ಇಡಲು ಎಸ್‌ಎಸ್‌ಡಿ ಬೇಕೇ? ಬೇಡ. ವಿಡಿಯೊ ಒಂದೇ ಸಾಲಾಗಿ ಹರಿಯುವ ಫೈಲು. 7200 ಸುತ್ತಿನ ಡಿಸ್ಕ್ ಸೆಕೆಂಡಿಗೆ 150 ಎಂಬಿಯಂತೆ ಸಲೀಸಾಗಿ ಓದುತ್ತದೆ, ಬರೆಯುತ್ತದೆ. ಎಡಿಯಸ್, ಪ್ರೀಮಿಯರ್, ಫೋಟೊಶಾಪ್ ಕೂರುವ ಡ್ರೈವ್ ಮತ್ತು ಸದ್ಯ ಎಡಿಟ್ ಆಗುತ್ತಿರುವ ಮದುವೆ ಎಸ್‌ಎಸ್‌ಡಿಯಲ್ಲಿರಲಿ, ಮುಗಿದ ಮದುವೆಗಳು ದೊಡ್ಡ ಹಾರ್ಡ್‌ಡಿಸ್ಕಿಗೆ ಹೋಗಲಿ. ಇನ್ನೊಂದು ಮಾತು: ಕಾರ್ಡ್ ರೀಡರನ್ನು ಹಳೆಯ ಯುಎಸ್‌ಬಿ 2.0 ಪೋರ್ಟಿಗೆ ಚುಚ್ಚಿ 45 ಜಿಬಿ ಇಳಿಸಿದರೆ ಇಪ್ಪತ್ತು ನಿಮಿಷ ಬೇಕೇ ಬೇಕು, ಆ ಕಡೆ ಎಷ್ಟೇ ವೇಗದ ಎಸ್‌ಎಸ್‌ಡಿ ಇರಲಿ. ನೀಲಿ ಬಾಯಿಯ ಪೋರ್ಟ್ ಖಾಲಿ ಬಿಟ್ಟು ಕಪ್ಪು ಬಾಯಿಗೆ ಚುಚ್ಚುವವರನ್ನು ಈಗಲೂ ಕಾಣುತ್ತೇವೆ. ಸೆಕೆಂಡಿಗೆ ಮೂರು ಸಾವಿರ ಎಂಬಿಯ ಎನ್‌ವಿಎಂಇ ಬೇಕೆಂದು ಹಟ ಹಿಡಿಯುವವರೂ ಅವರೇ.

ಇನ್ನು ಕರೆಂಟು ಮತ್ತು ಬಿಸಿಲು. ಕೂಡಗಿಯ ಸ್ಥಾವರ, ಆಲಮಟ್ಟಿಯ ಜಲವಿದ್ಯುತ್ ಎರಡೂ ಮಗ್ಗುಲಲ್ಲೇ ಇದ್ದರೂ ‘ಲೈಟ್ ಹೋತು’ ಎಂಬ ಮಾತು ನಮ್ಮಿಂದ ಹೋಗಿಲ್ಲ. ಎಸ್‌ಎಸ್‌ಡಿಗೆ ತಿರುಗುವ ಭಾಗವಿಲ್ಲ, ಬಿದ್ದರೂ ಹೆಡ್ ತಗಲುವ ಭಯವಿಲ್ಲ, ನಿಜ. ಆದರೆ ಯಾವ ಫೈಲು ಯಾವ ಚಿಪ್ಪಿನ ಯಾವ ಮೂಲೆಯಲ್ಲಿದೆ ಎಂಬ ನಕ್ಷೆಯನ್ನು ಅದು ತಾನೇ ಬರೆಯುತ್ತ ಇಟ್ಟುಕೊಳ್ಳುತ್ತದೆ. ಬರೆಯುವಾಗಲೇ ಕರೆಂಟು ಹೋದರೆ, ಅಗ್ಗದ ಡ್ರೈವುಗಳಲ್ಲಿ ಆ ನಕ್ಷೆಯೇ ಕೆಡಬಹುದು. ಹಾರ್ಡ್‌ಡಿಸ್ಕ್ ಸಾಯುವ ಮುಂಚೆ ಹಲವು ಸಲ ಕಟಕಟ ಎಂದು ಹೇಳಿಯೇ ಸಾಯುತ್ತಿತ್ತು. ಎಸ್‌ಎಸ್‌ಡಿ ನಿನ್ನೆ ಸಂಜೆ ಸರಿಯಿದ್ದದ್ದು ಇವತ್ತು ಬೆಳಿಗ್ಗೆ ಇಲ್ಲ. ಅಳಿಸಿದ ಫೋಟೊ ವಾಪಸ್ ತೆಗೆಯುವ ಮಾತೂ ಹಾಗೆಯೇ. ಹಾರ್ಡ್‌ಡಿಸ್ಕಿನಲ್ಲಿ ತಪ್ಪಿ ಅಳಿಸಿದ ಮದುವೆಯನ್ನು ರಿಕವರಿ ಸಾಫ್ಟ್‌ವೇರ್ ಹಾಕಿ ತೆಗೆದವರಿದ್ದಾರೆ. ಎಸ್‌ಎಸ್‌ಡಿಗೆ ವಿಂಡೋಸ್ ಕಳಿಸುವ ಟ್ರಿಮ್ ಆಜ್ಞೆ ಅಳಿಸಿದ ಜಾಗವನ್ನು ನಿಜವಾಗಿಯೂ ಖಾಲಿ ಮಾಡಿಸುತ್ತದೆ. ಹೋದದ್ದು ಹೋಯಿತು.

ಬರೆದು ಬರೆದು ಸವೆಯುತ್ತದಂತೆ ಎಂಬ ಹೆದರಿಕೆ ಮಾತ್ರ ಅನಗತ್ಯ. 240 ಜಿಬಿಯ ಅಗ್ಗದ ಡ್ರೈವೊಂದಕ್ಕೂ ಕಂಪನಿ 80 ಟಿಬಿ ಬರೆಯುವ ಭರವಸೆ ಕೊಡುತ್ತದೆ. ದಿನಕ್ಕೆ 20 ಜಿಬಿ ಬರೆದರೂ ಹತ್ತು ವರ್ಷ ದಾಟುತ್ತದೆ. ಅಷ್ಟರಲ್ಲಿ ಮದರ್‌ಬೋರ್ಡೇ ಇರುವುದಿಲ್ಲ. ಹೆದರಬೇಕಾದದ್ದು ಬೇರೆ. ಮದುವೆಗಳನ್ನು ಎಸ್‌ಎಸ್‌ಡಿಗೆ ತುಂಬಿ, ಕರೆಂಟಿಲ್ಲದೆ, ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ತಗಡಿನ ಕಪಾಟಿನಲ್ಲಿ ವರ್ಷಗಟ್ಟಲೆ ಇಡುವುದು. ಬರೆಯುವ ಮಿತಿ ಮುಟ್ಟಿದ ಡ್ರೈವ್ ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ದತ್ತಾಂಶ ಹಿಡಿದಿಟ್ಟರೆ ಸಾಕು ಎನ್ನುತ್ತದೆ ಉದ್ಯಮದ ಮಾನದಂಡ. ಹೊಸದು ಎಷ್ಟೋ ಹೆಚ್ಚು ತಾಳುತ್ತದೆ, ಆದರೆ ಶಾಖ ಏರಿದಂತೆ ಅವಧಿ ಇಳಿಯುತ್ತದೆ. ಸಂಗ್ರಹಕ್ಕೆ ಇವತ್ತಿಗೂ ಹಾರ್ಡ್‌ಡಿಸ್ಕೇ ಸರಿ. ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಲ್ಲಿ ಶುರುವಾಯಿತು. ಅಜ್ಜ–ಮುತ್ತಜ್ಜರ ಕಾಲದ ಕಾಗದ ಓದಲಿಕ್ಕಾದರೂ ಸಿಗುತ್ತಿದೆ. ನಮ್ಮ ಸ್ಟುಡಿಯೊಗಳಲ್ಲಿರುವ ಹದಿನೈದು ವರ್ಷ ಹಿಂದಿನ ಮದುವೆಗಳಲ್ಲಿ ಎಷ್ಟು ತೆರೆದುಕೊಳ್ಳುತ್ತವೆ?

ಸದ್ಯದ ಸ್ಥಿತಿಗೆ ಬಂದರೆ, ಕಾಯ್ದು ಕೂತವರಿಗೆ ಒಳ್ಳೆಯ ಸುದ್ದಿಯಿಲ್ಲ. 2023ರಲ್ಲಿ ತಳ ಕಂಡಿದ್ದ ಬೆಲೆ, ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚತೊಡಗಿದ ಮೇಲೆ 2025ರ ಕೊನೆಯಿಂದ ಮತ್ತೆ ಏರುಮುಖ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11 ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ, ಎಸ್‌ಎಸ್‌ಡಿ ಹಾಕಿದರೂ ಅಷ್ಟೇ. ದುಡ್ಡಿನ ವ್ಯವಹಾರ ನಡೆಸುವ ಸಂಘಗಳು ಹಳೆಯ ಯಂತ್ರದ ಮೇಲೆ ಇನ್ನು ಖರ್ಚು ಹಾಕಬಾರದು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆಯನ್ನೇ ಮಂಜೂರು ಮಾಡಿದೆ, ತಮ್ಮ ಪಾಲು ಏನಾಯಿತೆಂದು ಕೇಳಲಿ. ಮನೆಯ, ಅಂಗಡಿಯ ಯಂತ್ರ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿದ್ದು, ಇನ್ನೂ ಹಾರ್ಡ್‌ಡಿಸ್ಕಿನಿಂದಲೇ ಚಾಲೂ ಆಗುತ್ತಿದ್ದರೆ ಇನ್ನು ಯೋಚನೆ ಬೇಡ, ಹಾಕಿಸಿ. ಮೊಬೈಲ್ ಜಾಹೀರಾತಿನಲ್ಲಿ ಸಾವಿರ ರೂಪಾಯಿಗೆ ಬರುವ ‘2 ಟಿಬಿ ಎಸ್‌ಎಸ್‌ಡಿ’ ತರಬೇಡಿ. ಅದರೊಳಗೆ ಸಣ್ಣ ಮೆಮೊರಿ ಕಾರ್ಡ್ ಅಂಟಿಸಿರುತ್ತಾರೆ, ತುಂಬಿದ ಮೇಲೆ ಹಳೆಯ ಫೈಲಿನ ಮೇಲೆಯೇ ಬರೆಯುತ್ತ ಹೋಗುತ್ತದೆ. ಬಿಲ್ ಕೊಡುವ ಅಂಗಡಿಯಲ್ಲಿ ಕೊಳ್ಳಿ. ತೆಗೆದ ಹಳೆಯ ಹಾರ್ಡ್‌ಡಿಸ್ಕನ್ನು ಗುಜರಿಗೆ ಕೊಡದೆ, ಸದ್ದು ಸರಿಯಿದ್ದರೆ, ಒಂದು ಕೇಸಿಗೆ ಹಾಕಿಸಿ ವಾರಕ್ಕೊಮ್ಮೆ ಬ್ಯಾಕಪ್ಪಿಗೆ ಬಳಸಿ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಮೊದಲು ಅದನ್ನು ಬದಲಿಸಿ, ಎಸ್‌ಎಸ್‌ಡಿ ಆಮೇಲೆ.