ಇಲ್ಲದವರ ಹಾಜರಿ, ಇರುವವರ ಗೈರುಹಾಜರಿ

ಈಗ ಹೊಸದೊಂದು ಮಾತು ಚಾಲ್ತಿಗೆ ಬಂದಿದೆ: ‘ಇರುವಿಕೆಯ ಅನುಭವ’. ಕಣ್ಣಿಗೊಂದು ಡಬ್ಬಿ ಕಟ್ಟಿಕೊಂಡರೆ ನೀವು ಕೂತ ಜಾಗ ಮರೆತು ಇನ್ನೆಲ್ಲೋ ಇರ್ತೀರಂತೆ. ಫೋನಿನೊಳಗಿನ ಯಂತ್ರದ ಜತೆ ಮಾತಾಡಿದರೆ ಅಲ್ಲಿ ಯಾರೋ ಇದ್ದಾರೆ ಅನ್ನಿಸುತ್ತದಂತೆ. ಮೊದಲನೆಯದಕ್ಕೆ ವರ್ಚುವಲ್ ರಿಯಾಲಿಟಿ ಅಂತಾರೆ, ಎರಡನೆಯದಕ್ಕೆ ಕೃತಕ ಬುದ್ಧಿಮತ್ತೆ ಅಂತಾರೆ. ಬೆಂಗಳೂರಿನ ಗಾಜಿನ ಕಟ್ಟಡಗಳ ಪಂಡಿತರು ಇದನ್ನು ಮನುಷ್ಯಕುಲದ ಮಹಾಸಾಧನೆ ಅಂತ ಕೊಂಡಾಡುತ್ತಿದ್ದಾರೆ. ಹೆಬ್ಬೂರಿನ ಕೇರಿಯಲ್ಲಿ ಹುಟ್ಟಿ ಬೆಳೆದ ನಮಗೆ ಇದನ್ನು ಕೇಳಿ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು. ಯಾಕಂದ್ರೆ ಇದರ ತಿರುವು ವಿದ್ಯೆ ಈ ದೇಶಕ್ಕೆ ಎರಡು ಸಾವಿರ ವರ್ಷದಿಂದ ಕರತಲಾಮಲಕ. ಕಣ್ಣೆದುರು ನಿಂತ ಮನುಷ್ಯನನ್ನು ಅಲ್ಲಿ ಇಲ್ಲ ಅನ್ನಿಸುವ ವಿದ್ಯೆ. ಅದಕ್ಕೆ ಡಬ್ಬಿ ಬೇಕಿರಲಿಲ್ಲ, ಕರೆಂಟು ಬೇಕಿರಲಿಲ್ಲ. ಜಾತಿ ಸಾಕಿತ್ತು.

ಅರ್ಥ ಮಾಡಿಕೊಳ್ಳದೆ ಬೈಯೋದು ಬಂಡಾಯವಲ್ಲ. ಆ ಡಬ್ಬಿಯ ಹೊಟ್ಟೆಯಲ್ಲಿ ಏನಿದೆ ನೋಡೋಣ. ಎಡಗಣ್ಣಿಗೊಂದು ಚಿತ್ರ, ಬಲಗಣ್ಣಿಗೊಂದು ಚಿತ್ರ, ಎರಡರ ನಡುವೆ ಚೂರು ವ್ಯತ್ಯಾಸ. ಮಿದುಳು ಎರಡನ್ನೂ ಕೂಡಿಸಿ ಆಳ ಕಾಣುತ್ತದೆ. ತಲೆ ತಿರುಗಿಸಿದರೆ ಚಿತ್ರವೂ ತಿರುಗಬೇಕು, ಅದೂ 1 ಸೆಕೆಂಡಿನಲ್ಲಿ 50ನೇ ಒಂದು ಭಾಗದಷ್ಟು ಹೊತ್ತಿನಲ್ಲಿ. ತಡವಾದರೆ ತಲೆಸುತ್ತು, ಓಕರಿಕೆ. ಸರಿಯಾಗಿ ಹೊಂದಿಕೊಂಡರೆ ಮೈ ಮೋಸಹೋಗುತ್ತದೆ. ಸಮತಟ್ಟು ನೆಲದಲ್ಲಿ ನಿಂತವನಿಗೆ ಡಬ್ಬಿಯೊಳಗೆ ಪ್ರಪಾತ ತೋರಿಸಿದರೆ ಕಾಲು ನಡುಗುತ್ತವೆ, ಅಂಗೈ ಬೆವರುತ್ತದೆ. ಸುಳ್ಳು ಅಂತ ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ತುಮಕೂರಲ್ಲಿ ಓದುವಾಗ ನಮ್ಮಲ್ಲಿ ಕೆಲವರು ಅದನ್ನು ಕಟ್ಟಿಕೊಂಡು ನೋಡಿದ್ದೂ ಉಂಟು. ಮಜವಾಗಿತ್ತು, ಸುಳ್ಳ್ಯಾಕೆ ಹೇಳೋಣ.

ತಕರಾರು ಇರೋದು ಡಬ್ಬಿಯ ಸುತ್ತ ಕಟ್ಟಿರುವ ಪುರಾಣದ ಬಗ್ಗೆ. ಜೋರ್ಡಾನಿನ ಝಾತರಿ ಶಿಬಿರದಲ್ಲಿದ್ದ 12 ವರ್ಷದ ಸಿರಿಯಾದ ನಿರಾಶ್ರಿತ ಹುಡುಗಿಯ ಬಗ್ಗೆ ವಿಶ್ವಸಂಸ್ಥೆ ಒಂದು ಚಿತ್ರ ಮಾಡಿಸಿತು. 2015ರಲ್ಲಿ ದಾವೋಸ್‌ನಲ್ಲಿ ನೆರೆದ ಜಗತ್ತಿನ ಸಾಹುಕಾರರ ಕಣ್ಣಿಗೆ ಡಬ್ಬಿ ಕಟ್ಟಿ ಅದನ್ನು ತೋರಿಸಿದರು. ಚಿತ್ರ ತೆಗೆದವರಲ್ಲೊಬ್ಬನಾದ ಕ್ರಿಸ್ ಮಿಲ್ಕ್ ಇದನ್ನು ಅನುಕಂಪದ ಯಂತ್ರ ಅಂತ ಕರೆದ. ಇನ್ನೊಬ್ಬರ ಜಾಗದಲ್ಲಿ ನಿಂತರೆ ಅವರ ನೋವು ತಿಳಿಯುತ್ತದೆ ಅಂತ ವಾದ. ಸ್ವಾಮಿ, ನಮ್ಮದೊಂದು ಪ್ರಶ್ನೆ. ಊರಿಂದ ಕೇರಿಗೆ ಎಷ್ಟು ದೂರ? ಒಂದು ಬೀಡಿ ಸೇದಿ ಮುಗಿಸೋದ್ರೊಳಗೆ ನಡೆದು ಬರಬಹುದು. ಬಂದವರೆಷ್ಟು ಜನ? ಬಂದವರು ನಮ್ಮ ಮನೆ ಹೊಸಲು ದಾಟಿ ಒಂದು ಲೋಟ ನೀರು ಕುಡಿದರಾ? ಇನ್ನೂರು ಹೆಜ್ಜೆ ನಡೆಯಲಾರದ ಅನುಕಂಪಕ್ಕೆ ಸಾವಿರಾರು ರೂಪಾಯಿನ ಡಬ್ಬಿ ಯಾಕೆ?

ಆ ಡಬ್ಬಿಗೆ ಇವತ್ತಿಗೂ ಸರಿಯಾಗಿ ದಕ್ಕದ ಒಂದು ಸಂಗತಿ ಇದೆ: ಮುಟ್ಟುವುದು. ಕಾಣಿಸುತ್ತದೆ, ಕೇಳಿಸುತ್ತದೆ, ಆದರೆ ಕೈ ಚಾಚಿದರೆ ಬರೀ ಗಾಳಿ. ಅದಕ್ಕಾಗಿ ದೊಡ್ಡ ದೊಡ್ಡ ಕಂಪನಿಗಳು ಅದುರುವ ಕೈಗವಸು ಮಾಡುತ್ತಿವೆ. ಮುಟ್ಟಿದ ಅನುಭವ ಬಂದರೇನೇ ಇರುವಿಕೆ ಪೂರ್ಣವಾಗೋದು ಅಂತ ಅವರಿಗೆ ಅರ್ಥವಾಗಿದೆ. ಇಲ್ಲಿ ನೋಡಿ. 2022ರ ಸೆಪ್ಟೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ ಒಬ್ಬ ದಲಿತ ಹುಡುಗ ಉತ್ಸವದ ದೇವರ ಗುಜ್ಜುಕೋಲು ಮುಟ್ಟಿದ. ಅವನ ಮನೆಯವರಿಗೆ ಊರಿನವರು ಹಾಕಿದ ದಂಡ 60,000 ರೂಪಾಯಿ. ಒಂದು ಕಡೆ ಇಲ್ಲದ ವಸ್ತುವನ್ನು ಮುಟ್ಟಿಸಲು ಕೋಟಿ ಕೋಟಿ ಸುರಿಯುವವರು, ಇನ್ನೊಂದು ಕಡೆ ಇರೋ ಕೋಲನ್ನು ಮುಟ್ಟಿದ್ದಕ್ಕೆ ದಂಡ ವಸೂಲಿಗೆ ನಿಂತವರು. ಮುಟ್ಟಿಸಿಕೊಳ್ಳದ ದೇಹ ಅಲ್ಲಿ ಪೂರ್ತಿ ಇರುವ ದೇಹವಲ್ಲ ಅನ್ನೋದು ಮನುವಿಗೂ ಗೊತ್ತಿತ್ತು. ಅಸ್ಪೃಶ್ಯತೆಯನ್ನು ಅದಕ್ಕೇ ಕಟ್ಟಿದ್ದು.

ಇನ್ನು ಮಾತಾಡುವ ಯಂತ್ರದ ಕಥೆ. ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಅನ್ನುವವರು 1966ರಲ್ಲಿ ‘ಎಲಿಜಾ’ ಅನ್ನೋ ಪ್ರೋಗ್ರಾಮನ್ನು ಲೋಕದ ಮುಂದಿಟ್ಟರು. ನೀವು ಬರೆದ ವಾಕ್ಯವನ್ನೇ ತಿರುಗಿಸಿ ಪ್ರಶ್ನೆ ಮಾಡಿ ನಿಮಗೇ ಕೊಡುತ್ತಿತ್ತು, ಅಷ್ಟೆ. ತಿಂಗಳುಗಟ್ಟಲೆ ಅದನ್ನು ಕಟ್ಟುವುದನ್ನೇ ನೋಡಿದ್ದ ಅವರ ಕಾರ್ಯದರ್ಶಿ ಒಂದು ದಿನ ಅದರ ಜತೆ ಮಾತಿಗೆ ಕೂತಳು. ಎರಡು ಮಾತಾಗುವಷ್ಟರಲ್ಲಿ, ನೀವು ಸ್ವಲ್ಪ ಆಚೆ ಹೋಗ್ತೀರಾ ಅಂದಳು. ವೈಜೆನ್‌ಬಾಮ್ ದಂಗಾದರು. ಹಿಟ್ಲರನ ಜರ್ಮನಿಯಿಂದ 1936ರಲ್ಲಿ ಪಾರಾಗಿ ಬಂದಿದ್ದ ಯಹೂದಿ ಮನೆಯ ಹುಡುಗ ಆತ. ಮನುಷ್ಯರನ್ನೇ ಮನುಷ್ಯರಲ್ಲ ಅಂತ ಸಾರಿದ ರಾಜ್ಯದಿಂದ ಬಂದವನಿಗೆ, ಯಂತ್ರವನ್ನು ಮನುಷ್ಯ ಅಂದುಕೊಳ್ಳುವ ಜನರನ್ನು ಕಂಡು ಭಯವಾಗದೆ ಇರುತ್ತಾ? ಉಳಿದ ಆಯುಸ್ಸೆಲ್ಲ ಆತ ಇದರ ವಿರುದ್ಧವೇ ಮಾತಾಡಿದರು. ಇವತ್ತಿನ ಯಂತ್ರ ಎಲಿಜಾದ ಮರಿಮೊಮ್ಮಗಳಲ್ಲ, ಬೇರೆಯೇ ಜಾತಿ (ಜಾತಿ ಅನ್ನೋ ಪದ ಇಲ್ಲೂ ಬಿಡಲ್ಲ ನೋಡಿ). ಲೋಕದ ಬರವಣಿಗೆಯನ್ನೆಲ್ಲ ನುಂಗಿ, ಈ ಪದದ ಹಿಂದೆ ಯಾವ ಪದ ಬರಬಹುದು ಅಂತ ಲೆಕ್ಕ ಹಾಕುತ್ತದೆ. ಆದರೆ ‘ನಾನು’ ಅನ್ನುತ್ತದೆ, ‘ನಿಮ್ಮ ನೋವು ಅರ್ಥವಾಗುತ್ತದೆ’ ಅನ್ನುತ್ತದೆ. ಯಾರೋ ಇದ್ದಾರೆ ಅನ್ನೋ ಭಾವ ಹುಟ್ಟುವುದು ಅಲ್ಲಲ್ಲ, ಕೇಳುವವರ ಎದೆಯಲ್ಲಿ.

ಇದನ್ನು ನಮಗೆ ತಿಳಿಸಿಕೊಟ್ಟವಳು ವೈಜೆನ್‌ಬಾಮ್ ಹೆಸರು ಕೇಳದ ನಮ್ಮ ಕೇರಿಯ ಒಬ್ಬ ಅಜ್ಜಿ. ಮೂರು ತಿಂಗಳಿಂದ ಪಿಂಚಣಿ ಬಂದಿರಲಿಲ್ಲ. ಸಹಾಯವಾಣಿಗೆ ಫೋನು ಹಚ್ಚಿ ಕೊಟ್ಟೆವು. ಯಂತ್ರದ ಹೆಣ್ಣುದನಿ, ಕನ್ನಡಕ್ಕಾಗಿ ಒಂದನ್ನು ಒತ್ತಿ ಅಂತು. ಅಜ್ಜಿ, ‘ಯವ್ವಾ, ಮೂರ್ ತಿಂಗ್ಳಾತು ಕಣವ್ವಾ ದುಡ್ ಬಂದಿಲ್ಲ, ವಸಿ ನೋಡವ್ವಾ’ ಅಂದಳು. ಅದು ಮತ್ತೆ, ಎರಡನ್ನು ಒತ್ತಿ ಅಂತು. ‘ಆಗ್ಲವ್ವಾ, ನಿಂದು ಊಟ ಆಯ್ತಾ?’ ಅಂದಳು. ಅದು ಮೆಷಿನ್ನು ಕಣಜ್ಜಿ ಅಂದ್ವಿ. ‘ಆದ್ರೇನ್ಲಾ, ಮಾತಾಡ್ತೈತಲ್ಲ’ ಅಂದಳು. ಈ ಅಜ್ಜಿ ಅದೇ ಪಿಂಚಣಿಗೆ ಕಚೇರಿಯೊಂದಕ್ಕೆ ಏಳು ಸಲ ನಡೆದಿದ್ದಳು. ಯಾವ ಕಚೇರಿ ಅನ್ನೋದು ಬೇಡ. ಏಳು ಸಲವೂ ಕುರ್ಚಿಯಲ್ಲಿ ಕೂತವನು ತಲೆ ಎತ್ತಿ ನೋಡಿರಲಿಲ್ಲ. ಯಂತ್ರಕ್ಕೂ ಊಟ ಕೇಳುವವಳು ಒಬ್ಬಳು, ಮನುಷ್ಯಳನ್ನು ಗೋಡೆ ಅಂತ ನೋಡುವವನು ಒಬ್ಬ. ಇವರಿಬ್ಬರಲ್ಲಿ ಯಾರ ತಲೆಯನ್ನು ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಬೇಕು ಹೇಳಿ.

ಹಾಜರಿಯ ವಿಷಯಕ್ಕೇ ಬಂದರೆ ನರೇಗಾ ಕೂಲಿಯವರನ್ನು ಕೇಳಿ. 2023ರ ಜನವರಿ 1ರಿಂದ ಎಲ್ಲ ಕಾಮಗಾರಿ ಜಾಗದಲ್ಲೂ ದಿನಕ್ಕೆ ಎರಡು ಸಲ ಫೋಟೊ ಹಿಡಿದು ಆಪ್‌ಗೆ ಹಾಕಬೇಕೆಂದು ಕೇಂದ್ರ ಕಡ್ಡಾಯ ಮಾಡಿತು. ನೆಟ್‌ವರ್ಕ್ ಇಲ್ಲದಿದ್ದರೆ ಬಿಸಿಲಲ್ಲಿ ಮಣ್ಣು ಹೊತ್ತವಳು ಗೈರುಹಾಜರಿ. 2025ರ ಜುಲೈನಲ್ಲಿ ಅದೇ ಇಲಾಖೆ ಸುತ್ತೋಲೆ ಹೊರಡಿಸಿ, ಫೋಟೊದ ಫೋಟೊ ತೆಗೆದು ಹಾಜರಿ ಹಾಕುತ್ತಿದ್ದಾರೆ ಅಂತ ಗೋಳಾಡಿತು. ಇದ್ದವಳು ಇಲ್ಲ, ಇಲ್ಲದವನು ಇದ್ದಾನೆ. ಡಬ್ಬಿ ಇಲ್ಲದೇನೇ ವರ್ಚುವಲ್ ರಿಯಾಲಿಟಿ.

ಸರಿ, ಯಂತ್ರಕ್ಕೆ ಮುಖ ಕೊಟ್ಟಾಗ ಯಾರ ಮುಖ ಕೊಡ್ತಾರೆ? 2023ರ ಜುಲೈನಲ್ಲಿ ಪವರ್ ಟಿವಿ ಕನ್ನಡದ ಕೃತಕ ನಿರೂಪಕಿಯನ್ನು ತಂದಿತು, ಹೆಸರು ಸೌಂದರ್ಯ. 2024ರ ಮೇ 26ರಂದು ಡಿಡಿ ಕಿಸಾನ್ ಇಬ್ಬರನ್ನು ತಂದಿತು, ಕ್ರಿಶ್ ಮತ್ತು ಭೂಮಿ. 50 ಭಾಷೆ ಮಾತಾಡ್ತಾರೆ ಅಂತ ಪ್ರಚಾರ. ಕಪ್ಪು ಮೈ, ಬಿರುಕು ಬಿಟ್ಟ ಕಾಲು, ಎಲೆ‍ಅಡಿಕೆ ಹಾಕಿದ ಬಾಯಿ ಇರೋ ನಿರೂಪಕಿಯನ್ನು ಯಾಕೆ ಕಟ್ಟಲಿಲ್ಲ? ಬೇಕಾದ ಮುಖ ಬರೆಯಬಹುದಾದ ಯಂತ್ರಕ್ಕೂ ಕೇರಿಯ ಮುಖ ಹೊಳೆಯಲಿಲ್ಲವಲ್ಲ! ತುಂಡು ಭೂಮಿ ಇಲ್ಲದವರ ಮುಂದೆ ಭೂಮಿ ಅನ್ನೋ ಹೆಸರಿನ ಗೊಂಬೆ. ಈ ನಿರೂಪಕರ ಹೆಚ್ಚುಗಾರಿಕೆ ಏನು ಅಂತ ಸರ್ಕಾರವೇ ಹೇಳಿತ್ತು: ದಿನದ 24 ಗಂಟೆ, ವರ್ಷದ 365 ದಿನ ನಿಲ್ಲದೆ, ದಣಿಯದೆ ಸುದ್ದಿ ಓದಬಲ್ಲರು. ದಣಿಯದ ಆಳು, ಕೂಲಿ ಕೇಳದ ಆಳು, ಹಬ್ಬಕ್ಕೆ ರಜ ಕೇಳದ ಆಳು. ಜೀತದ ಯಜಮಾನ ಕನಸಲ್ಲಿ ಕಾಣುತ್ತಿದ್ದವನು ಇವನೇ. ಜೀತ ರದ್ದಿಯ ಕಾನೂನು ಬಂದದ್ದು 1976ರಲ್ಲಿ. ಆ ಕನಸನ್ನು ಮಾತ್ರ ಯಾರೂ ರದ್ದು ಮಾಡಲಿಲ್ಲ.

ಇರುವಿಕೆಯ ಭ್ರಮೆ ನಮ್ಮ ಜಿಲ್ಲೆಗೆ ಹೊಸದಲ್ಲ ಅನ್ನೋದನ್ನೂ ಹೇಳಬೇಕು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಇಲ್ಲಿನದೇ. 1934ರಲ್ಲಿ ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು. ಆ ಗುಂಗು ಹಳ್ಳಿಗಳಿಗೆ ಇಳಿದು, ಈಗಲೂ ಹೆಬ್ಬೂರಿನ ಸುತ್ತ ರಾತ್ರಿಯಿಡೀ ಕುರುಕ್ಷೇತ್ರ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬರ್ತಾರೆ, ಸೀನರಿ ಬಾಡಿಗೆಗೆ ಬರುತ್ತೆ, ಪಾತ್ರಗಳಿಗೆ ದುಡ್ಡು ಕಟ್ಟಬೇಕು, ಕೃಷ್ಣನಿಗೂ ದುರ್ಯೋಧನನಿಗೂ ಜಾಸ್ತಿ ದರ. ಪರದೆ ಎದ್ದಾಗ ಮುದುಕಿಯರು ಕೃಷ್ಣನಿಗೆ ಕೈ ಮುಗೀತಾರೆ. ಸುಳ್ಳಲ್ಲ ಅದು, ಆ ಗಳಿಗೆಗೆ ಕೃಷ್ಣ ಬಂದೇ ಇರ್ತಾನೆ. ಆದರೆ ಬೆಳಗಾದ ಮೇಲೆ ಅದೇ ಕೃಷ್ಣ ಕಿವಿ ಹಿಂದೆ ನೀಲಿ ಬಣ್ಣ ಉಳಿಸಿಕೊಂಡು ಟೀ ಅಂಗಡಿಯಲ್ಲಿ ಕೂತಿರ್ತಾನೆ. ಕೊಟ್ಟ ಸಾಲ ಕೇಳಬಹುದು. ರಾತ್ರಿ ಹಾಡು ತಪ್ಪಿದ್ದಕ್ಕೆ ರೇಗಿಸಬಹುದು. ಪಾತ್ರ ಮಾಡಿದವನು ಜವಾಬ್ದಾರಿಗೆ ಸಿಕ್ಕುತ್ತಾನೆ.

ಈಗ ಇನ್ನೊಬ್ಬ ಕೃಷ್ಣ ಬಂದಿದ್ದಾನೆ. 2023ರಲ್ಲಿ ಭಗವದ್ಗೀತೆಯ ಚಾಟ್‌ಬಾಟ್‌ಗಳು ಒಂದರ ಹಿಂದೊಂದು ಹುಟ್ಟಿದವು, ಬೆಂಗಳೂರಲ್ಲೂ ಹುಟ್ಟಿತು. ಪ್ರಶ್ನೆ ಕೇಳಿದರೆ ಕೃಷ್ಣನ ದನಿಯಲ್ಲಿ ಉತ್ತರ. ಧರ್ಮಕ್ಕಾಗಿ ಕೊಲ್ಲುವುದು ತಪ್ಪಲ್ಲ ಅಂತ ಇಂಥ ಕೆಲವು ಯಂತ್ರಗಳು ಉತ್ತರ ಕೊಟ್ಟದ್ದು ಅದೇ ವರ್ಷ ವರದಿಯಾಯಿತು. ಈ ಕೃಷ್ಣನನ್ನು ಯಾವ ಟೀ ಅಂಗಡಿಯಲ್ಲಿ ಹಿಡಿಯೋಣ? ಪುರೋಹಿತನನ್ನಾದರೂ ಎದುರಿಗೆ ನಿಲ್ಲಿಸಿ ಕೇಳಬಹುದಿತ್ತು, ಇದು ಎಲ್ಲಿ ಬರೆದಿದೆ ತೋರಿಸು ಅಂತ. ಪುರೋಹಿತನಿಲ್ಲದ ಪುರೋಹಿತಶಾಹಿ ಇದು. ಬಾಯಿ ಇದೆ, ಕೊರಳಪಟ್ಟಿ ಇಲ್ಲ.

ಹಾಗಾದರೆ ಯಂತ್ರದೊಳಗೆ ಯಾರೂ ಇಲ್ಲವಾ? ಇದ್ದಾರೆ. 1770ರಲ್ಲಿ ಯೂರೋಪಿನಲ್ಲಿ ಚದುರಂಗ ಆಡುವ ಗೊಂಬೆಯೊಂದನ್ನು ಪ್ರದರ್ಶನಕ್ಕಿಟ್ಟರು. ಪೇಟ ಸುತ್ತಿದ ತುರ್ಕಿಯವನ ಗೊಂಬೆ. ದೊರೆಗಳೆಲ್ಲ ಬೆರಗಾದರು. ಪೆಟ್ಟಿಗೆಯೊಳಗೆ ಒಬ್ಬ ಮನುಷ್ಯ ಮುದುರಿ ಕೂತಿದ್ದ. ಇಂದಿನ ಪೆಟ್ಟಿಗೆಯೊಳಗೆ ಲಕ್ಷಾಂತರ ಮಂದಿ ಮುದುರಿ ಕೂತಿದ್ದಾರೆ. ಚಾಟ್‌ಜಿಪಿಟಿ ಸಭ್ಯವಾಗಿ ಮಾತಾಡಲಿ ಅಂತ ಕೊಲೆ, ಅತ್ಯಾಚಾರ, ಮಕ್ಕಳ ಮೇಲಿನ ಹಿಂಸೆಯ ಬರಹಗಳನ್ನು ಓದಿ ವಿಂಗಡಿಸಿದವರು ಕೀನ್ಯಾದ ಕೂಲಿಗಳು, ಗಂಟೆಗೆ 2 ಡಾಲರಿಗಿಂತ ಕಡಿಮೆಗೆ. 2023ರ ಜನವರಿಯಲ್ಲಿ ‘ಟೈಮ್’ ಪತ್ರಿಕೆ ಇದನ್ನು ಬಯಲಿಗೆಳೆಯಿತು. ನಮಗಿದು ಗುರುತಿನ ಕೆಲಸ. ಊರು ಘಮಘಮ ಅನ್ನಬೇಕಾದರೆ ಯಾರೋ ಒಬ್ಬ ಗುಂಡಿಗೆ ಇಳಿದಿರಬೇಕು.

ನಮ್ಮ ನಾಡಿನದೂ ಒಂದು ಕಥೆ ಇದೆ, ಸ್ವಲ್ಪ ಬೇರೆ. ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ‘ಕಾರ್ಯ’ ಅನ್ನೋ ಬೆಂಗಳೂರಿನ ಸಂಸ್ಥೆ ಜನರಿಂದ, ಅದರಲ್ಲೂ ಬಡ ಹೆಣ್ಣುಮಕ್ಕಳಿಂದ, ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ ದನಿ ಸಂಗ್ರಹಿಸಿತು. ಗಂಟೆಗೆ ಸುಮಾರು 5 ಡಾಲರ್, ಅಂದರೆ 400 ರೂಪಾಯಿ ಮೇಲೆ. ಆ ದನಿಯನ್ನು ಮತ್ತೆ ಮಾರಿದರೆ ದುಡ್ಡು ದನಿ ಕೊಟ್ಟವರಿಗೂ ಹೋಗಬೇಕು ಅಂತ ಕರಾರು. ದಿನಗೂಲಿಗಿಂತ ಎಷ್ಟೋ ವಾಸಿ, ಒಪ್ಪುತ್ತೇವೆ. ಇವರಿಗೆ ಸಾಧ್ಯವಾದದ್ದು ಉಳಿದ ದೊಡ್ಡ ಕಂಪನಿಗಳಿಗೆ ಯಾಕೆ ಸಾಧ್ಯವಿಲ್ಲ ಅನ್ನೋದೇ ನಮ್ಮ ವಾದ. ಅದೇ ಸೀಮೆಯ ಮಾತಿನಲ್ಲಿ ದೇವನೂರ ಮಹಾದೇವ 1984ರಲ್ಲಿ ‘ಕುಸುಮಬಾಲೆ’ ತಂದಾಗ, ಇದು ಅರ್ಥವಾಗಲ್ಲ, ಕನ್ನಡಕ್ಕೆ ಅನುವಾದ ಮಾಡಿ ಅಂದವರಿದ್ದರು. ನಾಳೆ ಯಂತ್ರ ನಮ್ಮಜ್ಜಿಯ ಮಾತನ್ನೂ ಅರ್ಥ ಮಾಡಿಕೊಳ್ಳಬಹುದು. ಉತ್ತರ ಕೊಡೋದು ಮಾತ್ರ ಸೌಂದರ್ಯಳ ಕನ್ನಡದಲ್ಲೇ. ನಮ್ಮ ದನಿ ಕಚ್ಚಾ ಮಾಲು, ಅವರ ದನಿ ಸಿದ್ಧ ಸರಕು. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಅಂದಾಗ ಬೆಂಕಿ ಹಚ್ಚಿದವರು, ನಮ್ಮ ನಾಲಿಗೆಯನ್ನೇ ಬೂಸಾ ಮಾಡಿ ಯಂತ್ರಕ್ಕೆ ತಿನ್ನಿಸುವಾಗ ಎಲ್ಲಿ ಮಲಗಿದ್ದಾರೆ?

ಇನ್ನೊಂದು ಭಯ ಇದೆ, ಅದನ್ನು ಹೇಳದಿದ್ದರೆ ನಿದ್ದೆ ಬರಲ್ಲ. 2018ರಲ್ಲಿ ತೀರಿಕೊಂಡ ಕರುಣಾನಿಧಿಯವರನ್ನು 2024ರ ಜನವರಿಯಲ್ಲಿ ಪುಸ್ತಕ ಬಿಡುಗಡೆಯೊಂದರ ಪರದೆ ಮೇಲೆ ಎಬ್ಬಿಸಿ ಮಾತಾಡಿಸಿದರು, ಮಗನ ಆಳ್ವಿಕೆಯನ್ನು ಹೊಗಳಿಸಿದರು. ಬಾಬಾಸಾಹೇಬರ ದನಿ ಇದೆ, 1955ರ ಬಿಬಿಸಿ ಸಂದರ್ಶನದಲ್ಲಿ ದಾಖಲಾಗಿದೆ. ಯಂತ್ರಕ್ಕೆ ಅಷ್ಟು ಧಾರಾಳ ಸಾಕು. 1927ರಲ್ಲಿ ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟವರ ಬಾಯಲ್ಲಿ, ಎಲ್ಲರೂ ಹೊಂದಿಕೊಂಡು ಹೋಗಿ ಮಕ್ಕಳೇ ಅಂತ ಹೇಳಿಸುವುದು ಎಷ್ಟು ಹೊತ್ತಿನ ಕೆಲಸ? ನೀಲಿ ಕೋಟು ಇರುತ್ತೆ, ಕನ್ನಡಕ ಇರುತ್ತೆ, ಎತ್ತಿದ ಬೆರಳೂ ಇರುತ್ತೆ. ಜಯಂತಿಯ ದಿನ ದೊಡ್ಡ ಪರದೆ ಹಾಕಿದರೆ ನಮ್ಮ ಜನವೇ ಕೈ ಮುಗಿದು ಕಣ್ಣೀರು ಹಾಕ್ತಾರೆ. ಬದುಕಿದ್ದಾಗ ಅವರನ್ನು ಕೂರಿಸಲು ಜಾಗ ಕೊಡದವರು, ಸತ್ತ ಮೇಲೆ ತಮಗೆ ಬೇಕಾದಂತೆ ಎಬ್ಬಿಸಿ ನಿಲ್ಲಿಸಲು ತುದಿಗಾಲಲ್ಲಿದ್ದಾರೆ. ಹಾಗಾದ ದಿನ ಆ ಪರದೆ ಹರಿಯುವವರಲ್ಲಿ ನಾವು ಮೊದಲಿಗರು, ಈಗಲೇ ತಿಳಿಸಿದ್ದೇವೆ.

ಯಂತ್ರ ಒಡೆಯಿರಿ ಅಂತ ನಾವು ಹೇಳ್ತಿಲ್ಲ. ಕೇಳೋದು ಇಷ್ಟು. ಸರ್ಕಾರದ ಯಾವ ಕೆಲಸದಲ್ಲಿ ಯಂತ್ರದ ದನಿ ಕೂರಿಸಿದರೂ, ಅದರ ಪಕ್ಕದಲ್ಲಿ ತಲೆ ಎತ್ತಿ ನೋಡುವ, ಹೆಸರಿರುವ ಒಬ್ಬ ಮನುಷ್ಯ ಇರಲೇಬೇಕು. ಮಾತಾಡುವ ಯಂತ್ರ ತಾನು ಯಂತ್ರ ಅಂತ ಮೊದಲ ಮಾತಿನಲ್ಲೇ ಹೇಳಬೇಕು, ನಮ್ಮಜ್ಜಿಗೆ ತಿಳಿಯೋ ಕನ್ನಡದಲ್ಲಿ ಹೇಳಬೇಕು. ದನಿ ಕೊಟ್ಟವರಿಗೆ ಪಾಲು ಕೊಡಬೇಕು.

ಹಳ್ಳಿ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ನಿಮಗೊಂದು ಕೆಲಸ. ನಿಮ್ಮ ಊರಲ್ಲಿ, ನಿಮ್ಮ ಕೇರಿಯಲ್ಲಿ ಫೋನಿಗೆ ವಾಕ್ಯ ಓದಿಕೊಟ್ಟವರು ಯಾರಾದರೂ ಇದ್ದಾರಾ ವಿಚಾರಿಸಿ. ಎಷ್ಟು ಗಂಟೆ ಓದಿದರು, ಎಷ್ಟು ಕೊಟ್ಟರು, ಯಾವ ಕಾಗದಕ್ಕೆ ಸಹಿ ಹಾಕಿಸಿಕೊಂಡರು, ಆ ಕಾಗದ ಯಾವ ಭಾಷೆಯಲ್ಲಿತ್ತು, ಕೇಳಿ ಬರೆದು ಕಳಿಸಿ. ಅವರ ಹೆಸರು ಬೇಡ ಅಂದರೆ ಹಾಕಲ್ಲ. ಅಕ್ಷರ ತಪ್ಪಿದ್ದರೂ ಪರವಾಗಿಲ್ಲ, ಅವರು ಆಡಿದ ಮಾತಿನಲ್ಲೇ ಬರೆಯಿರಿ. ಬಂದದ್ದನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.