ಪಹಣಿ ಇಲ್ಲದವನ ಜಾಮೀನು

ಹೊಸದುರ್ಗ ತಾಲ್ಲೂಕಿನ ಬಾಗೂರಿನ ಭೂರಹಿತ ಕೂಲಿಕಾರನೊಬ್ಬನನ್ನು ಊಹಿಸಿಕೊಳ್ಳೋಣ. ಮನೆಗಳವಿನ ಆರೋಪದಲ್ಲಿ ಬಂಧಿತನಾದ ಅವನಿಗೆ ನ್ಯಾಯಾಲಯ ಜಾಮೀನು ಮಂಜೂರು ಮಾಡಿದೆ. ಸ್ವಂತ ಮುಚ್ಚಳಿಕೆಯೊಂದಿಗೆ ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರನನ್ನೂ ಒದಗಿಸಬೇಕೆಂಬುದು ಷರತ್ತು. ನಮ್ಮಲ್ಲಿನ ರೂಢಿಯಂತೆ ಜಾಮೀನುದಾರನೆಂದರೆ ಸಾಮಾನ್ಯವಾಗಿ ಪಹಣಿ ಉಳ್ಳವನು. ಇವನ ನೆಂಟರಿಷ್ಟರೂ ಕೂಲಿಯವರೇ. ಆದೇಶವಾದರೂ ಅವನು ಸೆರೆಮನೆಯಲ್ಲೇ ಉಳಿಯುತ್ತಾನೆ.

ಸಮಸ್ಯೆ ಹಳೆಯದು. ಮಧ್ಯಪ್ರದೇಶದ ಬಡ ಗಾರೆ ಕೆಲಸಗಾರ ಮೋತಿರಾಂನಿಂದ ಮ್ಯಾಜಿಸ್ಟ್ರೇಟರು 10,000 ರೂಪಾಯಿಗಳ ಜಾಮೀನು ಕೇಳಿದ್ದಲ್ಲದೆ, ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅವನ ಜಾಮೀನನ್ನೂ ತಿರಸ್ಕರಿಸಿದ್ದರು. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1,000 ರೂಪಾಯಿಗಳ ಸ್ವಂತ ಮುಚ್ಚಳಿಕೆಯ ಮೇಲೆ ಅವನ ಬಿಡುಗಡೆಗೆ ಆದೇಶಿಸಿದರು.

ಬಂಧನವಾದ ಒಂದು ವಾರದೊಳಗೆ ಜಾಮೀನು ಒದಗಿಸಲಾಗದವನನ್ನು ನಿರ್ಗತಿಕನೆಂದು ಭಾವಿಸಲು ಸಂಸತ್ತು 2005ರ ತಿದ್ದುಪಡಿಯಲ್ಲಿ ಅವಕಾಶ ಕಲ್ಪಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 478ನೇ ಕಲಮಿನಲ್ಲಿಯೂ ಅದು ಉಳಿದಿದೆ. ಆದರೆ ಈ ಅನುಕೂಲ ಜಾಮೀನೀಯ ಅಪರಾಧಗಳಿಗೆ ಮಾತ್ರ. ಬಾಗೂರಿನ ನಮ್ಮ ಕೂಲಿಕಾರನಿಗೆ ಅದು ದಕ್ಕದು. ಜಾಮೀನು ದೊರೆತು ತಿಂಗಳಾದರೂ ಮುಚ್ಚಳಿಕೆ ಸಲ್ಲದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದೆಂದು 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಸೂಚಿಸಿತು. ಅದೇ ವರ್ಷ ಕೇಂದ್ರವು ಬಡ ವಿಚಾರಣಾಧೀನ ಕೈದಿಗಳಿಗೆ 40,000 ರೂಪಾಯಿಗಳವರೆಗೆ ನೆರವು ನೀಡುವ ಯೋಜನೆ ರೂಪಿಸಿತು. ಹಣವೇನೋ ದೊರೆಯಬಹುದು, ಪಹಣಿಯುಳ್ಳ ನೆಂಟನನ್ನು ಸರ್ಕಾರ ಒದಗಿಸಲಾರದು.

ಜಾಮೀನುದಾರನಿಲ್ಲದೆ ಬಿಟ್ಟರೆ ಆರೋಪಿ ತಲೆಮರೆಸಿಕೊಳ್ಳುವನೆಂಬ ಆತಂಕ ನಿರಾಧಾರವಲ್ಲ. ಆದರೆ ಈಗಿನ ಪದ್ಧತಿ ಅದನ್ನು ತಡೆದಿದೆಯೆ? ನಕಲಿ ಪಹಣಿ, ಬಾಡಿಗೆ ಜಾಮೀನುದಾರರ ಪಿಡುಗು ಹುಟ್ಟಿದ್ದೇ ಈ ಪದ್ಧತಿಯ ನೆರಳಿನಲ್ಲಿ. ಊರಿನಲ್ಲಿ ಹೆಂಡತಿ, ಮಕ್ಕಳು, ಮನೆ, ದುಡಿಮೆ ಇರುವವನು ಓಡಿಹೋಗುವುದು ಸುಲಭವಲ್ಲ. ಆ ಬೇರುಗಳನ್ನೂ ಭದ್ರತೆಯೆಂದು ಕಾನೂನು ಎಣಿಸಬೇಕು.

ಕ್ರಿಮಿನಲ್ ಪ್ರಕ್ರಿಯೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ರಾಷ್ಟ್ರಪತಿಗಳ ಅಂಕಿತ ಪಡೆದು ನಮ್ಮ ವಿಧಾನಮಂಡಲವೇ ತಿದ್ದುಪಡಿ ತರಬಹುದು. ಜಾಮೀನು ಮಂಜೂರಾಗಿಯೂ ನಿಗದಿತ ದಿನಗಳಲ್ಲಿ ಜಾಮೀನುದಾರ ಸಿಗದಿದ್ದರೆ, ಜಾಮೀನೀಯವಲ್ಲದ ಅಪರಾಧಗಳಲ್ಲಿಯೂ ಬಡತನವನ್ನು ಗಣಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುವುದು ಸಾಮಾನ್ಯ ನಿಯಮವಾಗಲಿ. ನಿರಾಕರಿಸುವ ನ್ಯಾಯಾಲಯ ಕಾರಣವನ್ನು ಬರೆದು ದಾಖಲಿಸಲಿ. ನಾನು ಕೇಳುವುದು ಇಷ್ಟೇ. ಬಿಡುಗಡೆಗೆ ಅರ್ಹನೆಂದು ನ್ಯಾಯಾಧೀಶರೇ ತೀರ್ಮಾನಿಸಿದ ಮೇಲೆ, ಭೂಮಿ ಇಲ್ಲವೆಂಬ ಒಂದೇ ಕಾರಣಕ್ಕೆ ಒಬ್ಬನನ್ನು ಕೂಡಿಹಾಕುವುದು ನ್ಯಾಯವೆನಿಸದು.