ಮಾಕಳಿಯ ಬಾಯಿ ಯಾರ ಲೆಕ್ಕದಲ್ಲಿದೆ?

ನಮ್ಮ ಆಫೀಸುಗಳಲ್ಲಿ ತಂಬಾಕು ಅಂದ್ರೆ ಸಿಗರೇಟು ಅಷ್ಟೇ. ಲಿಫ್ಟ್ ಪಕ್ಕ ‘ಧೂಮಪಾನ ನಿಷೇಧಿಸಲಾಗಿದೆ’ ಬೋರ್ಡು, ಮೇ 31ಕ್ಕೆ ಎಚ್‌ಆರ್‌ನಿಂದ ಒಂದು ಪೋಸ್ಟರು. ಅಲ್ಲಿಗೆ ಕಾಳಜಿ ಮುಗೀತು.

ಸಮೀಕ್ಷೆ ಬೇರೆಯೇ ಹೇಳುತ್ತೆ. ಕೇಂದ್ರ ಆರೋಗ್ಯ ಸಚಿವಾಲಯ, ವಿಶ್ವ ಆರೋಗ್ಯ ಸಂಸ್ಥೆ, ಅಮೆರಿಕದ ಸಿಡಿಸಿ ಕೈಜೋಡಿಸಿದ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ, ಅಂದರೆ ಗ್ಯಾಟ್ಸ್, 2016-17ರಲ್ಲಿ ದೇಶದ 74,037 ಜನರನ್ನು ಮನೆಗೇ ಹೋಗಿ ಮಾತಾಡಿಸಿತು. ಅದರ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮೇಲ್ಪಟ್ಟ ಶೇ. 22.8 ಮಂದಿ ತಂಬಾಕು ಬಳಸುತ್ತಾರೆ. ಸೇದುವವರು ಶೇ. 8.8. ಜಗಿಯುವುದೂ ಸೇರಿ ಹೊಗೆರಹಿತ ತಂಬಾಕಿನವರು ಶೇ. 16.3. ನಮ್ಮ ಪೋಸ್ಟರು ಯಾರಿಗೆ ಹೇಳಿ?

ಪೀಣ್ಯ ದಾಟಿ ತುಮಕೂರು ರಸ್ತೆಯಲ್ಲಿ ನೆಲಮಂಗಲದ ಕಡೆ ಬಂದರೆ ಮಾಕಳಿ. ಕಾರ್ಖಾನೆ, ಗೋದಾಮು, ಲಾರಿ. ನಾನು ದಿನಾ ಓಡಾಡುವ ದಾರಿ ಇದು. ಮೆಷಿನ್ ಬಿಟ್ಟು ಹೊರಗೆ ಹೋಗಿ ಬೀಡಿ ಹಚ್ಚೋಕಾಗಲ್ಲ. ಪೊಟ್ಟಣ ಹರಿದು ಬಾಯಿಗೆ ಸುರಿದುಕೊಂಡರೆ ಕೆಲಸ ನಿಲ್ಲಲ್ಲ, ನಿದ್ದೆಯೂ ಬರಲ್ಲ.

ಇವರನ್ನು ಗ್ಯಾಟ್ಸ್ ಎಣಿಸಿತಾ? ಅದು ತಟ್ಟೋದು ಮನೆಯ ಬಾಗಿಲು. ಹಾಸ್ಟೆಲ್, ಬ್ಯಾರಕ್‌ನಂಥ ಸಾಮೂಹಿಕ ವಸತಿ ಅದರ ವ್ಯಾಪ್ತಿಯಲ್ಲಿಲ್ಲ. ಮನೆ ಇದ್ದರೂ ಮನೆಗೊಬ್ಬರೇ. ಒಂದು ರೂಮಿನಲ್ಲಿ ಆರು ಜನ ಮೂರು ಶಿಫ್ಟಿನಲ್ಲಿ ಮಲಗುವ ಕಡೆ ಬಾಗಿಲು ತೆಗೆಯೋರು ಯಾರು? ‘ಅಲ್ರೀ, ಅದು ರಾಜ್ಯದ ಚಿತ್ರ ಕೊಡೋ ಸಮೀಕ್ಷೆ’ ಅಂತೀರಿ. ಒಪ್ಪಿದೆ. ಹಾಗಾದ್ರೆ ಮಾಕಳಿಯನ್ನು ಎಣಿಸೋದು ಯಾರ ಕೆಲಸ?

ಎಣಿಸದೇ ಕಾನೂನು ಮಾಡೋದು ನಮಗೆ ರೂಢಿ. 2013ರಲ್ಲಿ ಗುಟ್ಕಾ ನಿಷೇಧಿಸಿದೆವು. ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಜೋಡಿಯಲ್ಲಿ ವಾಪಸ್ ಬಂತು. 2025ರಲ್ಲಿ ಖರೀದಿಯ ವಯಸ್ಸು 21ಕ್ಕೆ, ಸಾರ್ವಜನಿಕ ಸ್ಥಳದ ದಂಡ ಸಾವಿರ ರೂಪಾಯಿಗೆ ಏರಿತು. ದಿನಗೂಲಿಯವನ ಜೇಬಿಗೆ ಕೈ ಹಾಕುವ ಸರ್ಕಾರಕ್ಕೆ ಅವನ ಬಾಯಿ ನೋಡೋಕೆ ಪುರುಸೊತ್ತಿಲ್ಲ.

ಹೊಸ ಸಂಸ್ಥೆಯೇನೂ ಬೇಡ. ಕಾರ್ಖಾನೆಗಳ ಪಟ್ಟಿ ಸರ್ಕಾರದ ಬಳಿಯೇ ಇದೆ. ಪೀಣ್ಯದಲ್ಲಿ ಇಎಸ್‌ಐ ಆಸ್ಪತ್ರೆ ಇದೆ. ಬಾಯಿ ಕ್ಯಾನ್ಸರ್ ಬಲ್ಲ ಕಿದ್ವಾಯಿ ಇದೇ ಊರಲ್ಲಿದೆ. ಗ್ಯಾಟ್ಸ್‌ನಿಂದ ಆರಿಸಿದ ಪ್ರಶ್ನೆಗಳ ಕಿರುಪಟ್ಟಿಯನ್ನು ಬೇರೆ ಸಮೀಕ್ಷೆಗಳಲ್ಲಿ ಬಳಸಲೆಂದೇ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದೆ. ಎಲ್ಲರೂ ಒಂದು ಟೇಬಲ್ಲಿಗೆ ಬರಲಿ. ಶಿಫ್ಟ್ ಬದಲಾಗುವಾಗ ಗೇಟಿನ ಬಳಿ ಕೇಳಲಿ, ಗುತ್ತಿಗೆಯವರನ್ನೂ ಬಿಡದೆ. ಹೆಸರು ಬರೆಯೋದು ಬೇಡ, ಉತ್ತರ ಮೇಸ್ತ್ರಿಯ ಕಣ್ಣಿಗೆ ಬೀಳೋದೂ ಬೇಡ. ಇಲ್ಲಾಂದ್ರೆ ಎಲ್ಲರೂ ‘ಇಲ್ಲ ಸಾರ್’ ಅಂತಾರೆ. ಕೇಳಿದವರೇ ಟಾರ್ಚ್ ಹಿಡಿದು ಬಾಯಿ ನೋಡಿ, ಬಿಡಬೇಕು ಅನ್ನುವವರಿಗೆ ದಾರಿ ತೋರಿಸಲಿ.

ಡೇಟಾ ಇಲ್ಲದೆ ಮೀಟಿಂಗಿಗೆ ಕೂರದವರು ನಾವು. ಮುಂದಿನ ಮೇ 31ರ ಪೋಸ್ಟರು ಇನ್‌ಬಾಕ್ಸಿಗೆ ಬಿದ್ದಾಗ ಒಂದು ಸಾಲು ವಾಪಸ್ ಬರೆಯಿರಿ: ನಮ್ಮ ಹೌಸ್‌ಕೀಪಿಂಗ್, ಸೆಕ್ಯುರಿಟಿ, ಗೋದಾಮಿನವರ ಬಾಯಿ ತಪಾಸಣೆ ಯಾವತ್ತು? ದಿನಾಂಕ ಸಿಗೋವರೆಗೂ ಆ ಮೇಲ್ ಕ್ಲೋಸ್ ಮಾಡಬೇಡಿ.